ತೂಕದ ಖೋಲಿ

ಹೆರಿಗೆ ವಾರ್ಡಿನಲ್ಲಿದ್ದಾಗ ನಾನು ಗಂಭೀರವಾದ ನರ್ಸೇ. ಶುಗರು, ಬಿ.ಪಿ., ತೂಕ ನೋಡುವ ಖೋಲಿಗೆ ನನ್ನನ್ನು ಹಾಕಿದರು ನೋಡಿ, ಅಲ್ಲಿಂದ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಒಳಗೆ ಓಡಿಹೋಗದ ವಾರವೇ ಇಲ್ಲ. ನರಗುಂದದಲ್ಲಿ ಕೆಲವು ವರ್ಷ, ಗಜೇಂದ್ರಗಡದಲ್ಲಿ ಕೆಲವು ವರ್ಷ, ಈಗ ರೋಣದಲ್ಲಿ. ಊರು ಬದಲಾದರೂ ಸರ್ಕಾರಿ ದವಾಖಾನೆಯ ಆ ಖೋಲಿ ಒಂದೇ ಥರ, ಅಲ್ಲಿಗೆ ಬರುವ ಮಂದಿಯೂ ಒಂದೇ ಥರ. ತೂಕ ಇಳಿಸುತ್ತೇನೆಂದು ಬೆಳಿಗ್ಗೆ ಮಾತು ಕೊಡುತ್ತಾರೆ, ಮಧ್ಯಾಹ್ನ ಯಾರದೋ ಮನೆಯ ಸೀಮಂತಕ್ಕೆ ಊಟಕ್ಕೆ ಹೋಗುತ್ತಾರೆ. ಆದರೂ ಇಳಿಸಿದವರು ಇದ್ದಾರೆ. ನಗಿಸಿ ಇಳಿಸಿದವರೂ ಇದ್ದಾರೆ.

ಸಾವಕಾರರ ಕಾಟಾ

ನರಗುಂದದ ಪೇಟೆಯಲ್ಲಿ ಕಾಳು, ಬೆಲ್ಲ, ಎಣ್ಣೆ ಮಾರುವ ಒಬ್ಬ ಸಾವಕಾರರಿದ್ದರು. ಬೆಳಿಗ್ಗೆ ಗಾದಿಯ ಮೇಲೆ ಕುಳಿತರೆ ಊಟಕ್ಕಷ್ಟೇ ಏಳುವವರು. ಒಂದು ಶನಿವಾರ ಗುಡ್ಡದ ಮೇಲಿನ ಗುಡಿಗೆ ಹೊರಟು ಅರ್ಧ ಮೆಟ್ಟಿಲು ಹತ್ತುವುದರೊಳಗೆ ಎದೆ ಬಿಗಿದು ಅಲ್ಲೇ ಕುಳಿತುಬಿಟ್ಟರು. ದವಾಖಾನೆಗೆ ಕರೆತಂದರು. ಪುಣ್ಯಕ್ಕೆ ಹೃದಯಕ್ಕೆ ಇನ್ನೂ ಏನೂ ಆಗಿರಲಿಲ್ಲ. ಇದು ಮೊದಲನೇ ಎಚ್ಚರಿಕೆ, ಮೈಭಾರ ಇಳಿಸಿರಿ ಎಂದು ಡಾಕ್ಟರು ಹೇಳಿ ನನ್ನ ಖೋಲಿಗೆ ಕಳಿಸಿದರು.

ಯಂತ್ರದ ಮೇಲೆ ನಿಲ್ಲಿಸಿದೆ. ಬಂದ ಅಂಕಿ ನೋಡಿ ಸಾವಕಾರರು ಕೆಳಗಿಳಿದರು, ಮತ್ತೆ ಹತ್ತಿದರು, ಉಸಿರು ಬಿಗಿಹಿಡಿದು ನೋಡಿದರು, ಕಿಸೆಯೊಳಗಿನ ಕೀಲಿಕೈ ಗೊಂಚಲು ತೆಗೆದಿಟ್ಟು ನೋಡಿದರು. ಅಂಕಿ ಬದಲಾಗಲಿಲ್ಲ. ಸರ್ಕಾರದ ಸಾಮಾನು ಯಾವತ್ತು ನೆಟ್ಟಗಿರುತ್ತದೆ ಎಂದು ನನಗೇ ಕೇಳಿದರು. ತಮ್ಮ ಅಂಗಡಿಯ ಕಾಟಾ ಮೂರು ತಲೆಮಾರಿನ ಹೆಸರು ಉಳಿಸಿಕೊಂಡು ಬಂದದ್ದು, ಬರುವ ವಾರ ಅದನ್ನೇ ತರುತ್ತೇನೆ, ಆಗ ಖರೇ ತೂಕ ಗೊತ್ತಾಗುತ್ತದೆ ಎಂದು ಹೇಳಿ ಹೋದರು.

ಸುಮ್ಮನೆ ಹೇಳಿರಬೇಕು ಅಂದುಕೊಂಡಿದ್ದೆ. ಬರುವ ವಾರ ನೋಡಿದರೆ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಚೀಲ ತೂಗುವ ಕಾಟಾ ಬಂತು. ಹೊರಗೆ ಸರದಿಗೆ ಕಾಯುತ್ತ ಪಾಳಿಯಲ್ಲಿ ಕುಳಿತ ಹೆಣ್ಣುಮಕ್ಕಳೆಲ್ಲ ಎದ್ದು ನೋಡತೊಡಗಿದರು. ಸಾವಕಾರರು ಧೋತರ ಸರಿಮಾಡಿಕೊಂಡು ಅದರ ಮೇಲೆ ನಿಂತರು. ದವಾಖಾನೆಯ ಯಂತ್ರಕ್ಕಿಂತ ಎರಡು ಕಿಲೋ ಹೆಚ್ಚು ತೋರಿಸಿತು.

ಆಮೇಲೆ ಪಾಳಿಯಲ್ಲಿದ್ದ ಒಬ್ಬ ಮುದುಕಿ, ಆ ಅಂಗಡಿಯ ಹಳೆಯ ಗಿರಾಕಿ, ಮೆಲ್ಲಗೆ ಅಂದಳು: "ಇದ ಕಾಟಾದ ಮ್ಯಾಲ ತೂಗಿಸಿಗೊಂಡು ಶೇಂಗಾ ಒಯ್ತಿದ್ನಿ. ಮನಿಗೆ ಹೋಗಿ ನೋಡಿದ್ರ ಕಡಿಮಿ ಬರ್ತಿತ್ತು. ಆ ಉಳದ ತೂಕ ಎಲ್ಲಿ ಹೋತಂತ ಈಗ ತಿಳೀತ ನೋಡ್ರಿ."

ಕಿವಿಯ ಭಾರ

ಗಜೇಂದ್ರಗಡಕ್ಕೆ ನನಗೆ ವರ್ಗವಾದಾಗ ಅಲ್ಲಿಗೆ ಒಬ್ಬ ಹೊಸ ಡಾಕ್ಟರೂ ಬಂದಿದ್ದರು. ಎಳೆಯ ಹುಡುಗ, ಓದಿನಲ್ಲಿ ಚುರುಕು, ಮನಸ್ಸೂ ಒಳ್ಳೆಯದು. ಒಂದೇ ದೋಷ. ಮೈ ತುಂಬಿದವರು ಯಾರೇ ಬರಲಿ, ಅವರು ಬಾಯಿ ತೆಗೆಯುವ ಮೊದಲೇ ತೂಕ ಇಳಿಸಿರಿ ಎಂದು ಬರೆದುಬಿಡುತ್ತಿದ್ದರು. ಜ್ವರ ಬಂದರೂ ತೂಕ, ಕಾಲ್ಬೆರಳ ಸಂದಿಯಲ್ಲಿ ಕೆರೆತವಾದರೂ ತೂಕ. ಇದರಿಂದ ಎಷ್ಟೋ ಹೆಣ್ಣುಮಕ್ಕಳು ನಾಚಿಕೊಂಡು ದವಾಖಾನೆಗೆ ಬರುವುದನ್ನೇ ಬಿಟ್ಟಿದ್ದರು. ಡಾಕ್ಟರಿಗೆ ಅದನ್ನು ಹ್ಯಾಂಗ ಹೇಳಬೇಕೆಂದು ನನಗೆ ತಿಳಿದಿರಲಿಲ್ಲ.

ಲಕ್ಕಲಕಟ್ಟಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ದೊಡ್ಡ ಮೈಕಟ್ಟು, ಹೊಲದಲ್ಲಿ ಗಂಡಾಳಿನ ಸಮ ದುಡಿಯುವವಳು. ಈ ಮೊದಲು ಎರಡು ಸಲ ಬಂದು ತೂಕದ ಮಾತು ಕೇಳಿಕೊಂಡು ಹೋಗಿದ್ದವಳೇ. ಜೋಳದ ರಾಶಿ ಮಾಡಿ ಬಂದಾಗಿನಿಂದ ಕಿವಿ ಗುಂಯ್ ಅನ್ನುತ್ತದೆ, ಏನೂ ಕೇಳಿಸುವುದಿಲ್ಲ ಅಂದಳು. ಡಾಕ್ಟರು ತಲೆ ಎತ್ತದೆ ಮೊದಲು ತೂಕ ಇಳಿಸಬೇಕು ಅಂದರು. ಅಷ್ಟು ಮಾತ್ರ ಆಕೆಗೆ ಕೇಳಿಸಿತು.

"ಆತ್ರಿ ಸಾಹೇಬ್ರ, ಇಳಸ್ತೀನ್ರಿ" ಅಂದಳು. "ಎಡಗಿವಿದು ಎಷ್ಟು ಇಳಸ್ಲಿ, ಬಲಗಿವಿದು ಎಷ್ಟು?"

ಡಾಕ್ಟರ ಪೆನ್ನು ನಿಂತಿತು. ತಲೆ ಎತ್ತಿ ಆಕೆಯನ್ನು ನೋಡಿದರು, ಕಿವಿ ಕೆಂಪಾದದ್ದು ಆಕೆಯದಲ್ಲ, ಅವರದು. ಬ್ಯಾಟರಿ ತರಿಸಿ ಕಿವಿಯೊಳಗೆ ಬೆಳಕು ಬಿಟ್ಟರು. ಒಳಗೆ ಒಂದು ಜೋಳದ ಕಾಳು ಹಾಯಾಗಿ ಕುಳಿತಿತ್ತು. ಸಾವಕಾಶ ತೆಗೆದು ಅರಿವೆಯ ತುಂಡಿನ ಮೇಲೆ ಇಟ್ಟರು. ಮೊದಲೇ ನೋಡದೆ ಮಾತಾಡಿದ್ದು ತಪ್ಪಾಯಿತು ಅಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಬೇರೆ ಏನಾದರೂ ತ್ರಾಸು ಇದೆಯೇ, ಇಚ್ಛೆ ಇದ್ದರೆ ರಕ್ತ ನೋಡೋಣವೇ ಎಂದು ಕೇಳಿದರು. ಆಕೆ ಒಪ್ಪಿದಳು. ಶುಗರು ಸ್ವಲ್ಪ ಹೆಚ್ಚೇ ಇತ್ತು. ತಿಂಗಳಿಗೊಮ್ಮೆ ಬರುತ್ತೇನೆಂದು ಹೇಳಿ ಎದ್ದಳು. ಆ ದಿನದಿಂದ ಆ ಡಾಕ್ಟರು ಮೊದಲು "ಏನ ಆಗೇತ್ರಿ" ಎಂದು ಕೇಳದೆ ಪೆನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ.

ಆಕೆ ಬಾಗಿಲ ತನಕ ಹೋದವಳು ತಿರುಗಿ ಬಂದು ಆ ಕಾಳನ್ನು ಬೆರಳಿನಲ್ಲಿ ಎತ್ತಿ ನೋಡಿದಳು.

"ಬಂದ ದಿನಾನ ಇಷ್ಟರ ತೂಕ ಇಳಿಸಿ ಕಳಿಸಿದ ಡಾಕ್ಟರು ನೀವ ಮೊದಲನೇದವ್ರ ನೋಡ್ರಿ" ಅಂದಳು.

ದರ್ಜಿಯ ತೋಳು

ಅದೇ ಗಜೇಂದ್ರಗಡದಲ್ಲಿ ಬಸ್ ಸ್ಟ್ಯಾಂಡಿನ ಕಡೆ ಒಬ್ಬ ದರ್ಜಿ ಇದ್ದರು, ನಮಗೆಲ್ಲ ಅವರು ಚಾಚಾ. ಹೊಲಿಗೆ ಯಂತ್ರದ ಹಿಂದೆ ಕುಳಿತರೆ ಯಂತ್ರ ಸಣ್ಣ ಮಕ್ಕಳ ಆಟದ ಸಾಮಾನಿನಂತೆ ಕಾಣುತ್ತಿತ್ತು, ಅಷ್ಟು ದೊಡ್ಡ ಆಳು. ಬಿ.ಪಿ. ನೋಡಲು ತೋಳಿಗೆ ಸುತ್ತುವ ಪಟ್ಟಿ ಅವರಿಗೆ ಸಾಲುತ್ತಲೇ ಇರಲಿಲ್ಲ. ಹ್ಯಾಂಗೋ ಎಳೆದು ಸುತ್ತಿ ಗಾಳಿ ಹೊಡೆದರೆ ಅರ್ಧಕ್ಕೆ ಚರ್ರನೆ ಬಿಚ್ಚಿಕೊಳ್ಳುತ್ತಿತ್ತು. ಪಾಳಿಯಲ್ಲಿದ್ದವರು ನಗುತ್ತಿದ್ದರು. ಚಾಚಾ ಕೂಡ ನಗುತ್ತಿದ್ದರು, ಆದರೆ ಮುಂದಿನ ತಿಂಗಳು ಬರುತ್ತಿರಲಿಲ್ಲ. ಬಂದಾಗಲೊಮ್ಮೆ ಪಟ್ಟಿಯನ್ನು ಬಿಗಿಯಾಗಿ ಹಿಡಿದು ನೋಡಿದರೆ ಬಿ.ಪಿ. ಸಿಕ್ಕಾಪಟ್ಟೆ ಹೆಚ್ಚು ಬರುತ್ತಿತ್ತು, ಗುಳಿಗೆ ಏರುತ್ತಿದ್ದವು, ಗುಳಿಗೆ ನುಂಗಿ ತಲೆ ತಿರುಗುತ್ತದೆ ಎಂದು ಅವರು ದೂರುತ್ತಿದ್ದರು.

ದೊಡ್ಡ ಪಟ್ಟಿ ಬೇಕೆಂದು ಮೇಲಿನವರಿಗೆ ಬರೆದೆವು. ಭಾಳ ದಿನ ಕಾಯ್ದ ಮೇಲೆ ಒಂದು ಡಬ್ಬಿ ಬಂತು. ಚಾಚಾನನ್ನೇ ಕರೆಸಿ ಎಲ್ಲರ ಎದುರಿಗೆ ಬಿಚ್ಚಿದೆವು. ಒಳಗಿದ್ದವೆಲ್ಲ ಕೂಸುಗಳ ತೋಳಿಗೆ ಸುತ್ತುವ ಪಟ್ಟಿಗಳು. ಚಾಚಾ ಒಂದನ್ನು ತೆಗೆದು ತಮ್ಮ ಹೆಬ್ಬೆರಳಿಗೆ ಸುತ್ತಿ ನೋಡಿ, ಇದು ಬರಾಬರಿ ಆಗತೈತಿ ಅಂದರು.

ಕೊನೆಗೆ ಆ ಎಳೆಯ ಡಾಕ್ಟರೇ ಹುಬ್ಬಳ್ಳಿಗೆ ಹೋದಾಗ ದೊಡ್ಡ ಪಟ್ಟಿ ಹುಡುಕಿ ತಂದರು. ಅದನ್ನು ಸುತ್ತಿ ನೋಡಿದರೆ ಚಾಚಾನ ಬಿ.ಪಿ. ನಾವು ತಿಳಿದಷ್ಟು ಇರಲೇ ಇಲ್ಲ. ಸಣ್ಣ ಪಟ್ಟಿ ದೊಡ್ಡ ತೋಳಿಗೆ ಸುತ್ತಿದರೆ ಬಿ.ಪಿ. ಇಲ್ಲದಷ್ಟು ಹೆಚ್ಚು ತೋರಿಸುತ್ತದೆ. ಡಾಕ್ಟರು ಅದನ್ನು ಬಿಡಿಸಿ ಹೇಳಿ, ಗುಳಿಗೆ ಕಡಿಮೆ ಮಾಡಿ, ಇನ್ನು ನಡಿಗೆ ಶುರುಮಾಡಿ ತಪ್ಪದೆ ಬರ್ರಿ ಅಂದರು. ಚಾಚಾ ಬಹಳ ಹೊತ್ತು ಆ ಹಳೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಡಾಕ್ಟರ್ ಸಾಬ್, ನಾ ಹೊಲಿದ ಅಂಗಿ ಬಿಗಿ ಆದ್ರ ನಾ ಅಂಗಿ ಬಿಚ್ಚಿ ಹೊಲೀತೀನ್ರಿ" ಅಂದರು. "ಗಿರಾಕಿಗೆ ಗುಳಿಗಿ ಕೊಡೂದಿಲ್ಲ."

ಅರ್ಧ ತಾಟು

ರೋಣಕ್ಕೆ ಬಂದ ಹೊಸತರಲ್ಲಿ ಅಬ್ಬಿಗೇರಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದರು, ಎಲ್ಲರೂ ಗೌರವದಿಂದ ಬಾಯಿ ಎಂದೇ ಕರೆಯುತ್ತಿದ್ದರು. ನಾಲ್ಕು ಎತ್ತಿನ ಮನೆತನ, ಕೂಡು ಕುಟುಂಬ, ಅಡಿಗೆಮನೆಯ ಯಜಮಾನಿಕೆ ಅವರದು. ಶುಗರು ಶುರುವಾಗಿತ್ತು. ಅದನ್ನು ತೂಗಬೇಡಿ, ಇದನ್ನು ಅಳೆಯಬೇಡಿ, ಹೊಸ ಅಡಿಗೆ ಮಾಡುವುದೂ ಬೇಡ, ತಾಟಿಗೆ ನೀಡಿಸಿಕೊಂಡದ್ದರಲ್ಲಿ ಅರ್ಧ ಬಿಟ್ಟು ಎದ್ದುಬಿಡಿ ಎಂದು ನಾನು ಸರಳ ಉಪಾಯ ಹೇಳಿಕೊಟ್ಟೆ. ಬಾಯಿಯ ಮನಸ್ಸಿಗೆ ಅದು ಭಾಳ ಬಂತು.

ಖರೇ ಹೇಳುತ್ತೇನೆ, ಅಷ್ಟು ನಿಯತ್ತಿನಿಂದ ನನ್ನ ಮಾತು ಕೇಳಿದವರು ಕಡಿಮೆ. ತಿಂಗಳು ತಿಂಗಳಿಗೆ ತೂಕ ಇಳಿಯಿತು, ಶುಗರು ಹತೋಟಿಗೆ ಬಂತು, ಕುಪ್ಪಸ ಸಡಿಲಾದವು. ಪಾಳಿಯಲ್ಲಿದ್ದವರಿಗೆಲ್ಲ ನಾನು ಆಕೆಯನ್ನೇ ತೋರಿಸಿ ಹೇಳುತ್ತಿದ್ದೆ.

ಒಂದು ದಿನ ಬಾಯಿ ಒಬ್ಬರೇ ಬರಲಿಲ್ಲ. ಹಿಂದೆ ಯಜಮಾನರು ಬಂದರು. ಮೊದಲು ಆಕೆಯನ್ನು ದವಾಖಾನೆಗೆ ಬಿಡಲು ಬರುತ್ತಿದ್ದ ಮನುಷ್ಯ ಒಣಗಿದ ತೊಗರಿ ಗಿಡದಂತಿದ್ದರು. ಈಗ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಹತ್ತುತ್ತಿರಲಿಲ್ಲ. ಎರಡು ಹೆಜ್ಜೆಗೆ ಏದುಸಿರು ಬಿಡುತ್ತಿದ್ದರು. ಏನಾಯಿತೆಂದು ಕೇಳಿದೆ. ಯಜಮಾನರು ಹೆಂಡತಿಯ ಮುಖ ನೋಡಿದರು. ಬಾಯಿ ನೆಲ ನೋಡಿದರು.

ಆದದ್ದು ಇಷ್ಟು. ಅವರ ಮನೆಯಲ್ಲಿ ಅನ್ನ ಚೆಲ್ಲುವ ಪದ್ಧತಿ ಇಲ್ಲ. ಬಾಯಿ ಅರ್ಧ ತಾಟು ಬಿಟ್ಟು ಏಳುತ್ತಿದ್ದರು, ಉಳಿದ ಅರ್ಧ ತಮ್ಮ ಊಟ ಮುಗಿಸಿ ಕುಳಿತ ಯಜಮಾನರ ಮುಂದೆ ಸರಿಯುತ್ತಿತ್ತು. ರೊಟ್ಟಿ, ಎಣ್ಣೆಗಾಯಿ, ಹಬ್ಬವಿದ್ದರೆ ಹೋಳಿಗೆ, ಯಾವುದೂ ಹಾಳಾಗಲಿಲ್ಲ.

ಇಬ್ಬರನ್ನೂ ಒಬ್ಬರ ಹಿಂದೊಬ್ಬರಂತೆ ತೂಗಿದೆ. ಬಾಯಿಯ ತೂಕ ಎಷ್ಟೊಂದು ಇಳಿದಿದೆ ನೋಡಿ ಎಂದು ನಾನು ಸಮಾಧಾನಕ್ಕೆ ಅಂದೆ. ಯಜಮಾನರು ಗುಂಡಿ ಹಾಕಿಕೊಳ್ಳುವ ಪ್ರಯತ್ನ ಬಿಟ್ಟು ಅಂದರು: "ಇಳದಿಲ್ಲರಿ ಸಿಸ್ಟರ್. ಬರೇ ಖಾತೆ ಬದಲಾಗೇತಿ. ತೂಕ ಇನ್ನೂ ನಮ್ಮ ಮನ್ಯಾಗ ಐತಿ."

ಈಗ ಆ ಮನೆಯಲ್ಲಿ ಅಡಿಗೆಯನ್ನೇ ಕಡಿಮೆ ಮಾಡುತ್ತಾರೆ. ಉಪಾಯ ಹೇಳುವಾಗ ನಾನೂ ಈಗ ಗಂಡನನ್ನು ಎದುರಿಗೆ ಕೂಡಿಸಿಕೊಂಡೇ ಹೇಳುತ್ತೇನೆ.

ಮಾಸ್ತರರ ನಡಿಗೆ

ರೋಣದಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಊರಿನ ಅರ್ಧ ಮಂದಿಗೆ ಮಗ್ಗಿ ಕಲಿಸಿದವರು. ಕುಳಿತು ಕುಳಿತು ಮೈ ಬಂದಿತ್ತು, ಶುಗರೂ ಏರಿತ್ತು, ದಿನಾಲು ನಡೆಯಬೇಕೆಂದು ಡಾಕ್ಟರು ಹೇಳಿದರು. ಹೊಸ ಬೂಟು ತಂದರು, ಟೋಪಿ ಹಾಕಿಕೊಂಡರು, ಬೆಳಿಗ್ಗೆ ಹೊರಟರು. ಮನೆ ದಾಟಿ ಓಣಿ ತಿರುಗುವುದರೊಳಗೆ ಹಳೆಯ ಶಿಷ್ಯನೊಬ್ಬ ಬೈಕು ನಿಲ್ಲಿಸಿದ. ಗುರುಗಳು ನಡೆದು ಹೋಗುವುದೆಂದರೇನು, ಹತ್ತಿರಿ ಸರ್ ಅಂದ. ಬೇಡ, ವ್ಯಾಯಾಮಕ್ಕೆ ನಡೆಯುತ್ತಿದ್ದೇನೆ ಅಂದರೆ ಸಂಕೋಚಕ್ಕೆ ಹಾಗನ್ನುತ್ತಾರೆಂದು ತಿಳಿದು ಕೈಹಿಡಿದೇ ಕೂಡಿಸಿಕೊಂಡ. ಮರುದಿನ ಇನ್ನೊಬ್ಬ ಶಿಷ್ಯ, ಅದರ ಮರುದಿನ ಮತ್ತೊಬ್ಬ. ಮಾಸ್ತರರ ಗಾಡಿ ಕೆಟ್ಟಿದೆಯಂತೆ ಎಂದು ಊರಲ್ಲಿ ಸುದ್ದಿಯಾಯಿತು. ಮಗ ಗಾಡಿ ಕೊಡುವುದಿಲ್ಲವಂತೆ ಎಂದೂ ಆಯಿತು. ಮಗ ಬಂದು ಕಣ್ಣಲ್ಲಿ ನೀರು ಹಾಕಿದ.

ಮಾಸ್ತರರು ನನ್ನ ಖೋಲಿಗೆ ಬಂದು, ಬೂಟು ಸವೆದಿಲ್ಲ ನೋಡ್ರಿ, ಊರೇ ನನ್ನ ನಡಿಯಾಕ ಬಿಡವಲ್ದು ಎಂದು ತೋರಿಸಿದರು.

ಮುಂದಿನ ಸಲ ಬಂದಾಗ ಮುಖ ಅರಳಿತ್ತು. ಶುಗರು ಇಳಿದಿತ್ತು. ಶಿಷ್ಯರು ಬಿಟ್ಟರೇನು ಎಂದು ಕೇಳಿದೆ. ಇಲ್ಲವಂತೆ. ಒಬ್ಬ ಶಿಷ್ಯ ಅಬ್ಬಿಗೇರಿ ರಸ್ತೆಯಲ್ಲಿರುವ ತನ್ನ ಹೊಲಕ್ಕೆ ಹೊರಟಿದ್ದನಂತೆ, ಒತ್ತಾಯ ಮಾಡಿ ಮಾಸ್ತರರನ್ನೂ ಕೂಡಿಸಿಕೊಂಡು ಹೊಲದ ತನಕ ಒಯ್ದು, ಅಲ್ಲಿ ಇಳಿಸಿ ನಮಸ್ಕಾರ ಮಾಡಿ ಕೆಲಸಕ್ಕೆ ಹೋದ. ಮಾಸ್ತರರು ಅಲ್ಲಿಂದ ಊರ ತನಕ ನಡೆದೇ ಬಂದರು. ಎರಡೂ ಕಡೆ ಕಡಲೆ ಹೊಲ, ತಂಪು ಗಾಳಿ. ಅಷ್ಟು ಚಲೋ ನಡಿಗೆ ಹಿಂದೆಂದೂ ಆಗಿರಲಿಲ್ಲವಂತೆ.

"ಈಗ ದಿನಾ ನಾನ ಅವನ ಬೈಕಿಗೆ ಕೈ ಮಾಡ್ತೀನ್ರಿ" ಅಂದರು. "ನಡಿಯೂದು ಚಾಲೂ ಆಗಬೇಕಂದ್ರ ಮೊದಲ ಗಾಡಿ ಹತ್ತಬೇಕು ನೋಡ್ರಿ."

ಇಟಗಿ ಅಜ್ಜಿಯ ಆಪರೇಶನ್

ಇಟಗಿಯ ಅಜ್ಜಿಯೊಬ್ಬರ ಎರಡೂ ಮೊಣಕಾಲು ಸವೆದಿದ್ದವು. ಗುಡಿಗೆ ಹೋಗುವುದು ನಿಂತಿತ್ತು, ಬಚ್ಚಲಿಗೆ ಹೋಗಲೂ ಸೊಸೆಯ ಹೆಗಲು ಬೇಕಾಗುತ್ತಿತ್ತು. ಯಾರಿಗೂ ಭಾರವಾಗದೆ ಬದುಕಿದ ಜೀವ, ಇದನ್ನು ನೆನೆದು ಒಳಗೊಳಗೇ ಕೊರಗುತ್ತಿತ್ತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಎಲುಬಿನ ಡಾಕ್ಟರು ನೋಡಿ, ಮೊಣಕಾಲು ಬದಲಿ ಮಾಡಬಹುದು, ಆದರೆ ಇಷ್ಟು ಮೈಭಾರ ಇಟ್ಟುಕೊಂಡು ಮಾಡಲಾಗದು, ಮೊದಲು ಇಳಿಸಿಕೊಂಡು ಬರ್ರಿ ಎಂದು ಕಳಿಸಿದ್ದರು. ಇಳಿಸುವ ಕೆಲಸ ನನ್ನ ಖೋಲಿಗೆ ಬಂತು.

ನಾನು ಊಟದ ಪಥ್ಯ ಎಲ್ಲ ಹೇಳಿ ಮುಗಿಸಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳತನಕ ಒಮ್ಮೆ ನೋಡಿದರು. ನಾನೂ ಆಗ ಸಣಕಲಿ ಏನಲ್ಲ. "ಹೇಳೂದು ಮುಗೀತಿಲ್ಲೊ ಯವ್ವಾ?" ಅಂದರು. "ನಿನ್ನ ಮೊಣಕಾಲು ಇನ್ನೂ ಗಟ್ಟಿ ಅದಾವು, ಅದಕ್ಕ ಮಾತೂ ಗಟ್ಟಿ ಐತಿ. ನೀನೂ ಬಿಡು, ನಾನೂ ಬಿಡ್ತೀನಿ."

ಮಗ ಗಾಬರಿಯಾಗಿ ತಾಯಿಯ ಸೆರಗು ಜಗ್ಗಿದ. ನನಗೆ ಸಿಟ್ಟು ಬರಲಿಲ್ಲ, ಅಜ್ಜಿಯ ಮಾತಿನಲ್ಲಿ ತಪ್ಪೇನಿತ್ತು. ಆಗಲಿ ಅಂದುಬಿಟ್ಟೆ.

ಅಲ್ಲಿಂದ ನನ್ನ ಬಾಳು ಹೇಳತೀರದು. ದಿನಾ ಸಂಜೆ ಅಜ್ಜಿಯ ಫೋನು ಬರುತ್ತಿತ್ತು. ಏನು ಉಂಡೆ, ಎಷ್ಟು ಉಂಡೆ, ಚಹಾಕ್ಕೆ ಸಕ್ಕರೆ ಹಾಕಿಕೊಂಡೆಯೋ. ನಾನು ಕೇಳಬೇಕಾದದ್ದನ್ನೆಲ್ಲ ಅವರೇ ಕೇಳುತ್ತಿದ್ದರು. ಒಮ್ಮೆ ರೋಣದಲ್ಲೇ ಬಸುರಿಗೆ ಮಾಡುವ ಒಂದು ಕುಬಸದ ಊಟಕ್ಕೆ ಹೋಗಿ ಶೇಂಗಾ ಹೋಳಿಗೆ ತಿಂದು ಬಂದಿದ್ದೆ. ಸಂಜೆಗೆ ಫೋನು ಬಂತು, ಎರಡು ತಿಂದೀಯಂತಲ್ಲ ಅಂತ. ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತಿದ್ದಾಕೆ ಅಜ್ಜಿಯ ತಂಗಿಯ ಸೊಸೆಯಂತೆ. ಈ ಸೀಮೆಯಲ್ಲಿ ಅಜ್ಜಿಯ ಬೀಗರಿಲ್ಲದ ಊರಿಲ್ಲ, ನನಗೆ ತಿನ್ನಲು ಜಾಗವಿಲ್ಲ.

ಅಜ್ಜಿ ಮಾತ್ರ ಮಾತಿಗೆ ತಪ್ಪಲಿಲ್ಲ. ಕರಿದದ್ದು ಬಿಟ್ಟರು, ಬೆಲ್ಲದ ಚಹಾ ಬಿಟ್ಟರು, ಸಂಜೆಗೆ ಒಂದು ತೆಳ್ಳನೆಯ ರೊಟ್ಟಿ, ತುಂಬ ಪಲ್ಯ. ಕುರ್ಚಿಯಲ್ಲಿ ಕುಳಿತು ಕಾಲು ಮುಂದೆ ಚಾಚಿ ಎತ್ತುವ ವ್ಯಾಯಾಮ ಹೇಳಿಕೊಟ್ಟಿದ್ದರು, ಅದನ್ನು ಟಿ.ವಿ. ಧಾರಾವಾಹಿ ನೋಡುತ್ತ ಮಾಡುತ್ತಿದ್ದರು. ಅತ್ತೆ ಸೊಸೆಯರ ಜಗಳ ಬಂದರೆ ಕಾಲು ತಾನಾಗಿಯೇ ಜೋರಾಗಿ ಏಳುತ್ತದೆ ಎಂದು ಸೊಸೆಯೇ ನನಗೆ ಹೇಳಿದಳು. ಮಳೆಗಾಲ ಹೋಗಿ ಸುಗ್ಗಿ ಬರುವ ಹೊತ್ತಿಗೆ ಅಜ್ಜಿ ಹಗುರಾದರು. ನಾನೂ ಹಗುರಾದೆ, ಹೆದರಿಕೆಗೆ.

ಹುಬ್ಬಳ್ಳಿಗೆ ಹೋಗುವ ದಿನ ಗೊತ್ತಾಯಿತು. ನೀ ಜೋಡಿ ಇರಬೇಕು ಎಂದು ಅಜ್ಜಿ ನನ್ನನ್ನೂ ಹೊರಡಿಸಿದರು. ಆರೈಕೆಗೆಂದು ಇಬ್ಬರು ಹೆಣ್ಣುಮಕ್ಕಳು ಗಂಡನ ಮನೆಯಿಂದ ಬಂದು ಇಟಗಿಯಲ್ಲಿ ಕುಳಿತಿದ್ದರು. ಎಷ್ಟೋ ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ತವರಿಗೆ ಬಂದಿದ್ದರು.

ಎಲುಬಿನ ಡಾಕ್ಟರು ಅಜ್ಜಿಯನ್ನು ನಡೆಸಿದರು, ಕೂಡಿಸಿದರು, ಎಬ್ಬಿಸಿದರು. ನೋವು ಎಷ್ಟಿದೆ ಎಂದು ಕೇಳಿದರು. ಅಜ್ಜಿ ಖರೇ ಹೇಳಿದರು, ಈಗ ಅಷ್ಟೇನಿಲ್ಲ, ಬಚ್ಚಲಿಗೆ ನಾನೇ ಹೋಗುತ್ತೇನೆ, ಗುಡಿಗೂ ಹೋಗಿಬಂದೆ ಅಂತ. ಡಾಕ್ಟರು ನಕ್ಕು, ಹಾಗಾದರೆ ಈಗ ಆಪರೇಶನ್ ಬೇಡ, ಹೀಗೇ ನಡೆಸಿಕೊಂಡು ಹೋಗಿರಿ, ಮುಂದೆ ಬೇಕಾದರೆ ನೋಡೋಣ ಅಂದರು. ನನಗೆ ಕಣ್ಣು ತುಂಬಿ ಬಂತು. ಮಗ ಕೈಮುಗಿದ. ಅಜ್ಜಿ ಮಾತ್ರ ಕೆಂಪಗೆ ಆದರು.

"ಆಪರೇಶನ್ ಮಾಡ್ತೀವಂತ ಹೇಳಿ ಊಟಾ ಬಿಡಿಸಿದ್ರಿ. ಊಟಾ ಬಿಟ್ಟು ಬಂದ್ರ ಆಪರೇಶನ್ ಇಲ್ಲ ಅಂತೀರಿ. ಇದ್ಯಾವ ನ್ಯಾಯರಿ?" ಅಂದರು. "ಅಲ್ಲಿ ನನ್ನ ಹೆಣ್ಣಮಕ್ಕಳು ಬಂದು ಕುಂತಾರ. ಹಿಂಗ ನಡಕೊಂತ ಹೋದ್ರ ಸಂಜಿ ಬಸ್ಸಿಗೆ ತಿರುಗಿ ಹೋಗ್ತಾರ. ಒಂದು ಪಟ್ಟಿನರ ಕಟ್ಟಿ ಕಳಸ್ರಿ."

ಡಾಕ್ಟರು ತಾವೇ ಎದ್ದು ಬಂದು, ನಡೆಯುವಾಗ ಮೊಣಕಾಲಿಗೆ ಆಸರೆ ಅಂತ ಜಗ್ಗುವ ಪಟ್ಟಿ ಎರಡೂ ಕಾಲಿಗೆ ಸುತ್ತಿ ಕಳಿಸಿದರು.

ಹೆಣ್ಣುಮಕ್ಕಳು ಒಂದು ವಾರ ಉಳಿದರು. ಅಜ್ಜಿ ಪಡಸಾಲೆಯಲ್ಲಿ ಹಾಸಿಗೆ ಹಾಸಿಸಿಕೊಂಡು ಕಾಲು ಚಾಚಿ ಮಲಗಿದರು. ಆಪರೇಶನ್ ಆಯಿತೆಂದು ಅವರು ಹೇಳಲಿಲ್ಲ, ಆಗಲಿಲ್ಲವೆಂದೂ ಹೇಳಲಿಲ್ಲ. ಮಾತಾಡಿಸಲು ಊರ ಮಂದಿ ಬಂದರು. ಬಂದವರಿಗೆ ಚಹಾ ತರುವುದು ತಡವಾಯಿತೆಂದು ಅಜ್ಜಿ ಮೈಮರೆತು ತಾವೇ ಎದ್ದು ಅಡಿಗೆಮನೆಗೆ ಹೋಗಿ ಚಹಾದ ಕಪ್ಪು ಬಸಿ ಹಿಡಿದುಕೊಂಡು ಬಂದರಂತೆ. ಕುಳಿತವರ ಕಣ್ಣು ಅಗಲಾದವು. ಮೊನ್ನೆ ಆಪರೇಶನ್ನಿಗೆಂದು ಹುಬ್ಬಳ್ಳಿಗೆ ಹೋದಾಕೆ ಇವತ್ತು ಓಡಾಡುತ್ತಾಳೆ ಅಂದರಂತೆ.

ಸೋಮವಾರ ನನ್ನ ಖೋಲಿಯ ಬಾಗಿಲು ತೆಗೆದರೆ ಇಟಗಿಯ ಒಂದು ಟಂಟಂ ತುಂಬ ಹೆಂಗಸರು ಮೊಣಕಾಲು ಹಿಡಿದುಕೊಂಡು ಕುಳಿತಿದ್ದರು. ಕೊಯ್ಯುವುದಿಲ್ಲವಂತೆ, ರಕ್ತ ಬರುವುದಿಲ್ಲವಂತೆ, ಬರೇ ಪಟ್ಟಿ ಕಟ್ಟುತ್ತಾರಂತೆ, ಅದೇ ಆಪರೇಶನ್ ನಮಗೂ ಬೇಕು ಅಂದರು.

ನಾನು ಎಲ್ಲರನ್ನೂ ಒಳಗೆ ಕರೆದು ಕೂಡಿಸಿದೆ. ಆ ಆಪರೇಶನ್ ದವಾಖಾನೆಯಲ್ಲಿ ಆಗುವುದಿಲ್ಲ, ಮನೆಯ ಅಡಿಗೆಮನೆಯಲ್ಲಿ ಆಗುತ್ತದೆ ಅಂದೆ. ನಾವು ಜೋಡಿ ಇರುತ್ತೇವೆ, ಹೇಳಿಕೊಡುತ್ತೇವೆ, ಆದರೆ ಮಾಡಿಕೊಳ್ಳುವವರು ನೀವೇ. ದಿನಾಲು ತಾಟಿನ ಮುಂದೆ ಕುಳಿತಾಗ ಸ್ವಲ್ಪ ಸ್ವಲ್ಪ ಮಾಡಿಕೊಳ್ಳುತ್ತ ಹೋಗಬೇಕು, ಮುಗಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲರೂ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ಹೊರಟರು. ಒಬ್ಬಾಕೆ ಮಾತ್ರ ತಿರುಗಿ ನಿಂತು, ಆಗಲಿ, ನಾನು ಮಾಡಿಕೊಳ್ಳುತ್ತೇನೆ ಎಂದು ಮುಂದೆ ಬಂದಳು. ನನಗೆ ಖುಷಿಯಾಯಿತು. ಆಕೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು:

"ಸಿಸ್ಟರ್, ಊಟದ ಹೊತ್ತಿಗೆ ಮಂಪರಿನ ಇಂಜೆಕ್ಷನ್ನರ ಕೊಡ್ತೀರಿಲ್ಲೊ?"